ಬ್ರೇಕಿಗೆ ಎಣ್ಣೆ ಹಚ್ಚಿದ ಖಂಡೇನವಮಿ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ರಕ್ತದೊತ್ತಡ. ನನಗಿರುವುದು ಹಾಜರಿಯ ಕಾಯಿಲೆ. ಇಂಜಿನಿಯರಿಂಗ್ ಓದುವವರಿಗೆ ನೂರಕ್ಕೆ ಎಪ್ಪತ್ತೈದು ಹಾಜರಿ ಇರಬೇಕು. ನನ್ನದು ಸೆಮಿಸ್ಟರ್ ಅರ್ಧ ಮುಗಿಯುವಷ್ಟರಲ್ಲಿ ಅರವತ್ತಕ್ಕೆ ಇಳಿದು ಅಲ್ಲೇ ನರಳುತ್ತಾ ಮಲಗಿರುತ್ತದೆ. ಇದಕ್ಕೆ ಔಷಧಿ ಇಲ್ಲವೆಂದಲ್ಲ. ತರಗತಿಗೆ ಹೋಗಿ ಕೂತರೆ ವಾಸಿಯಾಗುತ್ತದೆ. ಆ ಔಷಧಿ ತೆಗೆದುಕೊಳ್ಳಲು ನನಗೆ ಪುರುಸೊತ್ತಿಲ್ಲ, ಯಾಕೆಂದರೆ ನಾನು ಮೌಂಟನ್ ಬೈಕ್ ಸ್ಪರ್ಧೆಯವಳು. ಸರ್ಕಾರ ಕಷ್ಟಪಟ್ಟು ಹಾಕಿಸಿದ ಟಾರು ರಸ್ತೆಯನ್ನು ಬಿಟ್ಟು, ಕಲ್ಲು, ಬೇರು, ಕೊರಕಲು ಎಲ್ಲಿವೆಯೋ ಅಲ್ಲಿಗೇ ಹುಡುಕಿಕೊಂಡು ಹೋಗಿ ಸೈಕಲ್ ಓಡಿಸುವ ಜಾತಿ ನಮ್ಮದು. ನಾಗಪುರದಲ್ಲಿ ಬೆಟ್ಟ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಊರು ತಟ್ಟಿದ ರೊಟ್ಟಿಯ ಹಾಗೆ ಸಪಾಟಾಗಿದೆ, ನಿಜ. ಆದರೆ ರೊಟ್ಟಿಯಲ್ಲೂ ಅಲ್ಲಲ್ಲಿ ಉಬ್ಬು ಇರುತ್ತದಲ್ಲ, ಅಂಥ ನಾಲ್ಕೈದು ಉಬ್ಬುಗಳ ಮೇಲೆ ನನ್ನ ಕ್ರೀಡಾಜೀವನ ನಡೆದಿದೆ.

ನಮ್ಮ ಅಪ್ಪ ಗದಗದ ಕಡೆಯವರು. ಇಲ್ಲಿನ ಆರ್ಡ್ನನ್ಸ್ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ಇಪ್ಪತ್ತಾರು ವರ್ಷವಾಯಿತು. ಪ್ರತಾಪ ನಗರದಲ್ಲಿ ನಮ್ಮದೊಂದು ಎರಡು ಕೋಣೆಯ ಮನೆ. ಅದರಲ್ಲಿ ಅಪ್ಪ, ಅಮ್ಮ, ನಾನು ಮತ್ತು ಸೈಕಲ್ಲು. ಬೇಸಗೆಯಲ್ಲಿ ಇಲ್ಲಿ ಎಂಟು ಗಂಟೆಯ ಬಿಸಿಲೇ ನೆತ್ತಿಯ ಮೇಲೆ ದೋಸೆ ಹುಯ್ಯುತ್ತದೆ. ಅದಕ್ಕಾಗಿ ಅಭ್ಯಾಸವೇನಿದ್ದರೂ ಬೆಳಗಿನ ಐದರಿಂದ ಏಳರವರೆಗೆ. ಏಳೂವರೆಗೆ ಸ್ನಾನ, ಎಂಟಕ್ಕೆ ಕಾಲೇಜಿನ ಬಸ್ಸು, ಬುಟಿಬೋರಿ ಕಡೆಯ ಹೆದ್ದಾರಿಯಲ್ಲಿ ಕಾರ್ಖಾನೆಯ ಬಸ್ಸುಗಳ ಹಿಂದೆ ಮುಕ್ಕಾಲು ಗಂಟೆ ತೂಕಡಿಕೆ. ಉಳಿದ ತೂಕಡಿಕೆ ತರಗತಿಯಲ್ಲಿ. ಸ್ಪರ್ಧೆಗೆಂದು ಪುಣೆಗೋ ನಾಸಿಕಕ್ಕೋ ಹೋದ ದಿನಗಳಲ್ಲಿ ನನ್ನ ಗೆಳತಿ ಋಚಾ ನನ್ನ ಪರವಾಗಿ ಹಾಜರಿ ಕೂಗುತ್ತಿದ್ದಳು. ಒಮ್ಮೆ ಅವಳು ದನಿ ಬದಲಿಸಲು ಹೋಗಿ ಮರೀ ಗೂಳಿಯ ಹಾಗೆ ‘ಪ್ರೆಸೆಂಟ್’ ಅಂದಳಂತೆ. ನಮ್ಮ ವಿಭಾಗದ ಮುಖ್ಯಸ್ಥರಾದ ಢೋಬ್ಳೆ ಸರ್ ಕನ್ನಡಕ ಇಳಿಸಿ, “ಪಲ್ಲವಿ, ಸರ್ದಿ ಹೋಗಯೀ ಕ್ಯಾ?” ಎಂದು ಕನಿಕರದಿಂದ ಕೇಳಿ, ನೆಗಡಿಯಾದ ಪಲ್ಲವಿಯನ್ನು ಎದ್ದು ನಿಲ್ಲಲು ಹೇಳಿದರಂತೆ. ಋಚಾ ಎದ್ದು ನಿಂತಳು. ಅಂದಿನಿಂದ ಇಬ್ಬರ ಹಾಜರಿಯೂ ಕುಸಿಯಿತು.

ಢೋಬ್ಳೆ ಸರ್ ಕೆಟ್ಟವರಲ್ಲ. ಸೆಪ್ಟೆಂಬರಿನಲ್ಲಿ ನನ್ನನ್ನು ಕೋಣೆಗೆ ಕರೆಸಿ ಮುಂದೆ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದರು. “ದೇಖ್ ಬೇಟಾ, ದಸರೆಯ ಮರುದಿನ ಆಯ್ಕೆಯ ರೇಸ್ ಇದೆಯಂತಲ್ಲ. ಮೊದಲ ಆರರಲ್ಲಿ ಬಂದು ರಾಜ್ಯಮಟ್ಟಕ್ಕೆ ಹೋಗುವ ಕಾಗದ ತಂದುಕೊಡು. ನೀನು ತಪ್ಪಿಸಿದ ದಿನಗಳನ್ನೆಲ್ಲ ಕ್ರೀಡೆಯ ಲೆಕ್ಕದಲ್ಲಿ ಹಾಜರಿ ಅಂತ ಬರೆಯುತ್ತೇನೆ. ಏಳನೆಯವಳಾಗಿ ಬಂದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಬರೋಬರ್?” ನಾನು ಬರೋಬರ್ ಅಂದೆ. ಪರೀಕ್ಷೆಗೆ ಕೂರಿಸದಿದ್ದರೆ ಒಂದು ವರ್ಷ ಹಿಂದೆ ಬೀಳುತ್ತೇನೆ. ಅಪ್ಪನಿಗೆ ಈ ಮಾತನ್ನು ಹೇಳಿದಾಗ ಅವರು ಸುಮ್ಮನೆ ತಲೆಯಾಡಿಸಿ, “ಆರರಾಗ ಬಂದ್ರ ಆತಲ್ಲ” ಅಂದರು. ಅಮ್ಮ ಮಾತ್ರ ಆವತ್ತಿನಿಂದ ನನ್ನ ತಾಟಿನಲ್ಲಿ ಒಂದು ರೊಟ್ಟಿ ಹೆಚ್ಚು ಬಡಿಸತೊಡಗಿದಳು. ನಾನು ಆರರೊಳಗೆ ಬಂದೇ ಬರುತ್ತೇನೆಂದು ನಿಶ್ಚಯ ಮಾಡಿದೆ. ನನ್ನ ನಿಶ್ಚಯಗಳು ಬಹಳ ಗಟ್ಟಿ. ಅವುಗಳ ಸುತ್ತಲಿನ ಏರ್ಪಾಡುಗಳೇ ಸ್ವಲ್ಪ ಸಡಿಲ.

ಶುಕ್ರವಾರ ಖಂಡೇನವಮಿ ಬಂತು. ಫ್ಯಾಕ್ಟರಿಯವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಬೇರೆಯವರ ಮನೆಯಲ್ಲಿ ದೇವರಿಗೆ ಅಭಿಷೇಕವಾದರೆ ನಮ್ಮಲ್ಲಿ ಪಾನೆ, ಸ್ಪ್ಯಾನರುಗಳಿಗಾಗುತ್ತದೆ. ಅಪ್ಪ ತಮ್ಮ ಇಕ್ಕಳ, ಅರ, ಸುತ್ತಿಗೆ, ಕ್ಯಾಲಿಪರ್‌ಗಳನ್ನು ಸಾಲಾಗಿ ಚಾಪೆಯ ಮೇಲಿಟ್ಟು, ಪಕ್ಕದಲ್ಲಿ ಅಮ್ಮನ ಈಳಿಗೆ, ಕತ್ತರಿ, ಮಿಕ್ಸರ್ ಇಟ್ಟು, ನಡುವೆ ನನ್ನ ಸೈಕಲ್ಲನ್ನು ಮೂಲವಿಗ್ರಹದ ಹಾಗೆ ನಿಲ್ಲಿಸಿದರು. ನಾನು ನನ್ನ ಪಠ್ಯಪುಸ್ತಕಗಳನ್ನೂ ಸೋಮವಾರ ಒಪ್ಪಿಸಬೇಕಾಗಿದ್ದ ಪ್ರಾಕ್ಟಿಕಲ್ ಜರ್ನಲನ್ನೂ ಭಕ್ತಿಯಿಂದ ತಂದು ಪೂಜೆಗಿಟ್ಟೆ. ಪೂಜೆಗಿಟ್ಟ ಪುಸ್ತಕವನ್ನು ದಸರೆಯವರೆಗೆ ತೆರೆಯಬಾರದೆಂಬ ನಿಯಮವನ್ನು ನಾನು ಮೂರನೇ ಕ್ಲಾಸಿನಿಂದಲೂ ಒಂದು ವರ್ಷವೂ ಮುರಿದಿಲ್ಲ. ನಮ್ಮ ಧರ್ಮದ ಉಳಿದ ನಿಯಮಗಳ ಬಗ್ಗೆ ಇಷ್ಟು ಖಚಿತವಾಗಿ ಹೇಳಲಾರೆ. ಆದರೆ ಈ ಸಲ ಅದೇ ನಿಯಮ ಸೈಕಲ್ಲಿಗೂ ಅನ್ವಯಿಸಿತು. ಸಂಜೆ ಸಣ್ಣಗೆ ಒಂದು ಸುತ್ತು ಹೋಗಿಬರೋಣವೆಂದು ಕೈ ಚಾಚಿದ್ದೇ ತಡ, ಅಮ್ಮ ಅಡುಗೆಮನೆಯಿಂದಲೇ, “ಮುಟ್ಟಬ್ಯಾಡ. ಪೂಜಿ ಇಳಸೂತನಾ ಅದು ಸೈಕಲ್ ಅಲ್ಲ, ದೇವ್ರು” ಅಂದಳು. ಮರುದಿನ ಶನಿವಾರ ಮಧ್ಯಾಹ್ನ ಪೂಜೆ ಇಳಿಸಿದರು. ಬನ್ನಿ ಕೊಡಲು ಅಪ್ಪನ ಕಡೆಯ ಗದಗದವರು, ಧಾರವಾಡದವರು, ಮರಾಠಿಯ ನೆರೆಹೊರೆಯವರು ಎಲ್ಲ ಬಂದರು. ಅವರು ಹೋದಮೇಲೆ ನಾನು ಸೈಕಲ್ಲು ನೋಡಿಕೊಳ್ಳಬೇಕಿತ್ತು. ನೋಡಲಿಲ್ಲ. ಎರಡು ದಿನ ಮುಟ್ಟದೆ ಬಿಟ್ಟ ಜರ್ನಲ್ ಮುಂದಿಟ್ಟುಕೊಂಡು ಋಚಾಳ ಜರ್ನಲಿನಿಂದ ಹನ್ನೊಂದು ಪ್ರಯೋಗಗಳನ್ನು ಇಳಿಸಿಕೊಳ್ಳುತ್ತಾ ಕೂತೆ. ಅವಳು ಮಾಡಿದ ತಪ್ಪುಗಳನ್ನೂ ಬಿಡದೆ ಬರೆದುಕೊಂಡೆ.

ಭಾನುವಾರ ಬೆಳಿಗ್ಗೆ ಅಪ್ಪನ ಹಳೆಯ ಕಾರಿನ ಹಿಂದಿನ ಸೀಟು ಮಡಚಿ, ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಒಳಗೆ ಮಲಗಿಸಿ, ಕಾಮಟಿ ದಾಟಿ ರಾಮಟೇಕ್ ಕಡೆಯ ಗುಡ್ಡಕ್ಕೆ ಹೋದೆವು. ಚಕ್ರ ಜೋಡಿಸಿ, ಮೈ ಬಿಸಿ ಮಾಡಿಕೊಳ್ಳಲೆಂದು ಸಣ್ಣ ಇಳಿಜಾರಿನಲ್ಲಿ ಬಿಟ್ಟು ಬ್ರೇಕ್ ಹಿಡಿದೆ. ಸೈಕಲ್ಲು ನಿಲ್ಲಲಿಲ್ಲ. ಎರಡನೇ ಸಲ ಬೆರಳು ನೋಯುವ ಹಾಗೆ ಹಿಡಿದೆ. ಸೈಕಲ್ಲು ತನ್ನ ಪಾಡಿಗೆ ತಾನು ಹೋಗಿ ಪ್ರಥಮ ಚಿಕಿತ್ಸೆಯ ಮೇಜಿಗೆ ಒರಗಿತು. ಅಲ್ಲಿದ್ದ ನರ್ಸಮ್ಮ ರೇಸ್ ಶುರುವಾಗುವ ಮೊದಲೇ ಹತ್ತಿ ಕೈಗೆತ್ತಿಕೊಂಡರು.

ಇಲ್ಲಿ ಬ್ರೇಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಹಳೆಯ ಸೈಕಲ್ಲಿನ ಬ್ರೇಕು ಚಕ್ರದ ಅಂಚನ್ನು ಹಿಡಿಯುವಂಥದ್ದು. ಈ ವರ್ಷ ಕೊಂಡದ್ದರಲ್ಲಿ ಚಕ್ರದ ನಡುವೆ ತಟ್ಟೆಯಂಥ ಉಕ್ಕಿನ ಡಿಸ್ಕ್ ಇರುತ್ತದೆ. ಅದನ್ನು ಎರಡೂ ಕಡೆಯಿಂದ ಪುಟ್ಟ ಪ್ಯಾಡುಗಳು ಕಚ್ಚಿ ಹಿಡಿದರೆ ಚಕ್ರ ನಿಲ್ಲುತ್ತದೆ. ಆ ಡಿಸ್ಕಿಗೆ ಬೆರಳಿನ ಜಿಡ್ಡು ಕೂಡ ತಾಗಬಾರದು. ನಾನು ಬಗ್ಗಿ ನೋಡಿದೆ. ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಬೆರಳಲ್ಲಿ ಮುಟ್ಟಿ ಮೂಸಿದೆ. ಎಣ್ಣೆ.

“ಅಪ್ಪಾ, ಇದಕ್ಕ ಏನ್ ಹಚ್ಚೀರಿ?” ಎಂದು ಕೇಳಿದೆ.

“ಎಣ್ಣಿ. ಇತವಾರಿ ಪ್ಯಾಟಿಯಿಂದ ತಂದೇನಿ, ಚಲೋ ಮಾಲ್ ಐತಿ,” ಅಂದರು ಅಪ್ಪ ಹೆಮ್ಮೆಯಿಂದ. “ಖಂಡೇನವಮಿ ದಿನ ಎಲ್ಲಾದಕ್ಕೂ ಹಚ್ಚಿದ್ನಲ್ಲ. ಇದು ಬರೇ ಒಣಾ ಇತ್ತು ನೋಡವಾ. ಕಬ್ಬಣ ಒಣಾ ಬಿಟ್ರ ತುಕ್ಕು ತಿಂದ ಹೋಗತೈತಿ. ಗಾಲಿ ತಿರುಗಿಸಿ ತಿರುಗಿಸಿ ಸಮಾ ಕುಡಿಸೇನಿ.”

ಇಪ್ಪತ್ತಾರು ವರ್ಷ ಒಂದು ಉಕ್ಕಿನ ಚೂರಿಗೂ ತುಕ್ಕು ಹಿಡಿಯಗೊಡದ ಮನುಷ್ಯ, ಮಗಳ ಸೈಕಲ್ಲಿನಲ್ಲಿ ಒಣಗಿದ ಉಕ್ಕನ್ನು ಕಂಡು ಸುಮ್ಮನಿರುವುದು ಹೇಗೆ? ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಮುಂಚೆ ಅಳು ಬಂತು. ಅದನ್ನು ನುಂಗಿಕೊಂಡು, ಡಿಸ್ಕಿಗೆ ಎಣ್ಣೆ ಹಚ್ಚಿದರೆ ಬ್ರೇಕ್ ಹಿಡಿಯುವುದಿಲ್ಲ ಎಂದಷ್ಟೇ ಹೇಳಿದೆ. ಅಪ್ಪನ ಮುಖ ಒಮ್ಮೆಲೇ ಸಣ್ಣದಾಯಿತು. ಸೈಕಲ್ಲು ಕೊಂಡ ದಿನವೇ ನಾನು ಇದನ್ನು ಹೇಳಬಹುದಿತ್ತು. ಅವತ್ತು ಅವರು “ಇದೇನವಾ, ಈ ತಾಟು?” ಎಂದು ಕೇಳಿದ್ದರು ಕೂಡ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುವವಳ ಗತ್ತಿನಲ್ಲಿ, “ಅದು ನಿಮಗ ತಿಳಿಯೂದಿಲ್ಲ ಬಿಡ್ರಿ” ಅಂದಿದ್ದೆ. ಲೇತ್ ಮೆಷಿನ್ನಿನ ಮೇಲೆ ಕೂದಲೆಳೆಯ ಲೆಕ್ಕದಲ್ಲಿ ಉಕ್ಕು ಕೊರೆಯುವವರಿಗೆ, ಹನ್ನೊಂದು ಪ್ರಯೋಗ ಕಾಪಿ ಹೊಡೆಯುವವಳು ಹೇಳಿದ ಮಾತು ಅದು.

ಸ್ಪರ್ಧೆಗೆ ಇಪ್ಪತ್ತು ನಿಮಿಷವಿತ್ತು. ಅಪ್ಪ ಕಾರಿನಿಂದ ತಮ್ಮ ಸಾಮಾನಿನ ಚೀಲ ತಂದು, ಪ್ಯಾಡು ಬಿಚ್ಚುವುದು ಹೇಗೆಂದು ಕೇಳಿದರು. ನಾನು ಬಿಚ್ಚಿಕೊಟ್ಟೆ. ಅವರು ಉಪ್ಪುಕಾಗದದ ಮೇಲೆ ಅವುಗಳನ್ನು ಒಂದೇ ಹದದಲ್ಲಿ ತಿಕ್ಕುತ್ತಾ ಕೂತರು. ನಾನು ನನ್ನ ಚೀಲದ ಸ್ಯಾನಿಟೈಸರ್ ಸುರಿದು ಡಿಸ್ಕ್ ಒರೆಸಿದೆ. ಅದು ಮುಗಿಯಿತು. ನರ್ಸಮ್ಮನ ಬಳಿ ಸ್ಪಿರಿಟ್ ಬೇಡಿದೆವು. ಯಾವ ಗಾಯಕ್ಕೆ ಎಂದು ಅವರು ಕೇಳಿದರು. ಸೈಕಲ್ಲಿಗೆ ಅಂದಾಗ ಬಾಟಲಿಯನ್ನೇ ಕೊಟ್ಟರು. ಹೆಸರು ಕರೆಯುವ ಹೊತ್ತಿಗೆ ಬ್ರೇಕು ಅರ್ಧಂಬರ್ಧ ಹಿಡಿಯತೊಡಗಿತ್ತು. ಆದರೆ ಎಣ್ಣೆ ಕುಡಿದ ಪ್ಯಾಡುಗಳಿಗೆ ಇನ್ನೊಂದು ಗುಣವಿದೆ. ಅವು ಕಿರುಚುತ್ತವೆ. ಸಣ್ಣಗಲ್ಲ, ಗೂಡ್ಸ್ ರೈಲು ಸ್ಟೇಷನ್ನಿನಲ್ಲಿ ನಿಲ್ಲುವಾಗ ಕಿರುಚುವಂತೆ.

ನಾಲ್ಕು ಸುತ್ತಿನ ಓಟ. ಹತ್ತುವುದರಲ್ಲಿ ನನಗೆ ಬ್ರೇಕಿನ ಹಂಗಿಲ್ಲ. ಮೊದಲ ಏರಿನಲ್ಲೇ ಮೂವರನ್ನು ಹಿಂದೆ ಹಾಕಿದೆ. ತುದಿ ಮುಟ್ಟಿ ಇಳಿಯತೊಡಗಿದಾಗ ಕಿರುಚಾಟ ಶುರುವಾಯಿತು. ಅದು ಒಂದೇ ಸೈಕಲ್ಲು ಹೋಗುವಷ್ಟು ಸಣ್ಣ ದಾರಿ, ಅಲ್ಲಿ ಮುಂದಿದ್ದವರನ್ನು ದಾಟುವುದು ಕಷ್ಟ. ಆದರೆ ನನ್ನ ಸದ್ದು ಕೇಳಿದ ಹುಡುಗಿಯರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬಳಂತೂ ಸೈಕಲ್ಲಿನಿಂದಿಳಿದು ಪೊದೆಯೊಳಗೆ ನಿಂತು, “ಅಗೋ ಬಾಈ, ಆಧೀ ತೂ ಜಾ”, ಮೊದಲು ನೀನು ಹೋಗು ತಾಯೀ, ಎಂದು ಕೈಮುಗಿದಳು. ಎರಡನೆಯ ಸುತ್ತಿಗೆ ನಾನು ಐದನೆಯವಳು. ಮೂರರಲ್ಲಿ ನಾಲ್ಕನೆಯವಳು. ಪ್ರತಿ ಸುತ್ತಿನಲ್ಲೂ ಅಪ್ಪ ದಾರಿಯ ಪಕ್ಕದ ಬಂಡೆಯ ಮೇಲೆ ನಿಂತಿರುತ್ತಿದ್ದರು. ಉಳಿದವರ ಅಪ್ಪಂದಿರು ಚಪ್ಪಾಳೆ ತಟ್ಟಿದರೆ ನಮ್ಮಪ್ಪ ಡಿಸ್ಕ್ ನೋಡುತ್ತಿದ್ದರು. ಕೊನೆಯ ಇಳಿಜಾರಿನಲ್ಲಿ ಕಿರುಚಾಟ ಥಟ್ಟನೆ ನಿಂತಿತು. ಆ ಮೌನವೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಪ್ಯಾಡುಗಳು ಕಾದು, ಒಳಗೆ ಉಳಿದಿದ್ದ ಎಣ್ಣೆ ಕಾರಿಕೊಂಡು, ಕೆಲಸ ನಿಲ್ಲಿಸಿದ್ದವು. ದಾರಿ ಎಡಕ್ಕೆ ತಿರುಗಿತು, ನಾನು ನೇರ ಹೋದೆ. ನೇರದಲ್ಲಿ ಒಂದು ಜಾಲಿಯ ಪೊದೆ ಇತ್ತು. ಅದರಿಂದ ಸೈಕಲ್ಲನ್ನು ಎಳೆದು, ನನ್ನನ್ನೂ ಎಳೆದುಕೊಂಡು, ಬಾಗಿದ ಹ್ಯಾಂಡಲ್ ಹಿಡಿದು ಮತ್ತೆ ಹತ್ತುವಷ್ಟರಲ್ಲಿ ಮೂರು ಸೈಕಲ್ಲುಗಳು ಸರ್ ಎಂದು ಹೋದವು. ಉಳಿದ ಅರ್ಧ ಮೈಲಿ ನಾನು ಜೀವ ಬಿಟ್ಟು ತುಳಿದೆ. ಆರನೆಯವಳ ಹಿಂದಿನ ಚಕ್ರಕ್ಕೂ ನನ್ನ ಮುಂದಿನ ಚಕ್ರಕ್ಕೂ ಒಂದು ಗೇಣು ಅಂತರವಿರುವಾಗ ಗೆರೆ ಬಂದುಬಿಟ್ಟಿತು. ಏಳನೆಯವಳು.

ಹಿಂದಿರುಗುವಾಗ ಕಾರಿನಲ್ಲಿ, ಕಾಮಟಿ ದಾಟಿದ ಮೇಲೆ ಅಪ್ಪ, “ನನ್ನ ಸಲುವಾಗಿ ನಿನ್ನ ವರ್ಷ ಹೋತಲ್ಲವಾ” ಅಂದರು. ಅವರ ದನಿ ಹಾಗೆ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಜಾಲಿಯ ಮುಳ್ಳು ಅಷ್ಟು ಚುಚ್ಚಿರಲಿಲ್ಲ. “ವರ್ಷ ಎಲ್ಲಿ ಹೋಗತೈತ್ರಿ ಅಪ್ಪಾ, ನಾ ಹೋಗಗೊಡೂದಿಲ್ಲ” ಅಂದೆ. ಹೇಗೆ ತಡೆಯುತ್ತೇನೆಂಬುದು ನನಗೂ ಗೊತ್ತಿರಲಿಲ್ಲ.

ಸೋಮವಾರ ಢೋಬ್ಳೆ ಸರ್ ಮುಂದೆ ನಿಂತು, ಏಳನೆಯವಳು ಸರ್, ಬೇರೆ ಏನಾದರೂ ದಾರಿ ಹೇಳಿ, ಹೇಳುವವರೆಗೆ ಇಲ್ಲಿಂದ ಹೋಗುವುದಿಲ್ಲ ಅಂದೆ. ಅವರು ನನ್ನ ಮುಖದ ಗೀರುಗಳನ್ನು ನೋಡಿದರು, ಕ್ಯಾಲೆಂಡರ್ ನೋಡಿದರು. ಪರೀಕ್ಷೆಯವರೆಗೆ ಒಂದು ತರಗತಿಯೂ ತಪ್ಪಬಾರದು, ಅದರ ಮೇಲೆ ದೀಪಾವಳಿಯ ರಜೆಯಲ್ಲಿ ದಿನಾ ಎಂಟು ಗಂಟೆಗೆ ವರ್ಕ್‌ಶಾಪಿಗೆ ಬಂದು ಬಿಟ್ಟುಹೋದ ಪ್ರಾಕ್ಟಿಕಲ್‌ಗಳನ್ನೆಲ್ಲ ಮಾಡಬೇಕು, ಒಂದು ದಿನ ತಪ್ಪಿದರೂ ಮಾತು ಮುಗಿಯಿತು ಅಂದರು. ಅವರು ಮರೆತದ್ದೇನೆಂದರೆ, ರಜೆಯಲ್ಲಿ ಕಾಲೇಜಿನ ಬಸ್ಸು ಇರುವುದಿಲ್ಲ. ನಾನೂ ನೆನಪಿಸಲಿಲ್ಲ. ಮನೆಯಿಂದ ಕಾಲೇಜಿಗೆ ಹೆದ್ದಾರಿ ಬಿಟ್ಟು ಹೊಲದ ದಾರಿಯಲ್ಲಿ ಹೋದರೆ ಇಪ್ಪತ್ತು ಕಿಲೋಮೀಟರು. ಅಪ್ಪ ಹೊಸ ಪ್ಯಾಡು ತಂದು ತಾವೇ ಹಾಕಿದರು, ಕೈಗೆ ರಬ್ಬರಿನ ಗ್ಲೌಸು ತೊಟ್ಟುಕೊಂಡು, ಆಪರೇಷನ್ನಿನ ಡಾಕ್ಟರ ಹಾಗೆ. ದಿನಾ ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು. ಲಕ್ಷ್ಮೀಪೂಜೆಯ ದಿನವೂ ಹೋದೆ. ಸೋತವಳು ಸೈಕಲ್ಲು ಹಿಡಿದು ಗೇಟಿನೊಳಗೆ ಹೋಗಲು ನಾಚಿಕೆಯಾಗಿ, ಹೊರಗಿನ ಚಹಾದಂಗಡಿಯಲ್ಲಿ ಅದನ್ನು ಬಿಟ್ಟು, ಅಲ್ಲೇ ಹಿಂದೆ ಬಟ್ಟೆ ಬದಲಿಸಿ, ಜಡೆ ಸರಿಮಾಡಿಕೊಂಡು ಎಂಟಕ್ಕೆ ಐದು ನಿಮಿಷವಿರುವಾಗ ವರ್ಕ್‌ಶಾಪಿನಲ್ಲಿ ನಿಂತಿರುತ್ತಿದ್ದೆ. ಎರಡು ವರ್ಷ ನನ್ನ ಸೈಕಲ್ ಕೋಚು ಬೈದರೂ ಮಾಡದಷ್ಟು ಅಭ್ಯಾಸ ಆ ರಜೆಯಲ್ಲಿ ಆಯಿತು. ಪರೀಕ್ಷೆಗೆ ಕೂರಿಸಿದರು. ಪಾಸೂ ಆದೆ.

ಹೊಸ ಸೆಮಿಸ್ಟರಿನ ಮೊದಲ ದಿನ ಢೋಬ್ಳೆ ಸರ್ ಇಡೀ ತರಗತಿಯ ಮುಂದೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. “ಇವಳನ್ನು ನೋಡಿ ಕಲಿಯಿರಿ. ಸೈಕಲ್ಲಿನ ಹುಚ್ಚು ಬಿಟ್ಟಳು, ಜೀವನ ಸುಧಾರಿಸಿತು. ಮುಖದಲ್ಲಿ ತೇಜಸ್ಸು ನೋಡಿ” ಅಂದರು. ಅದು ಬೆಳಗಿನ ಬಿಸಿಲು ಹೊಡೆದದ್ದು. ನಾನು ತಲೆ ತಗ್ಗಿಸಿದೆ. ವಿನಯವೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಋಚಾ ಮಾತ್ರ ಕೆಮ್ಮು ಬಂದವಳಂತೆ ಹೊರಗೆ ಹೋದಳು.

ಮುಂದಿನ ಸ್ಪರ್ಧೆ ಫೆಬ್ರವರಿಯಲ್ಲಿದೆ. ಈ ಸಲ ಮೊದಲ ಮೂರರಲ್ಲಿ ಬರುತ್ತೇನೆ. ಕಾಲಿಗೆ ಅದು ಗೊತ್ತಾಗಿದೆ. ಅದಕ್ಕೆ ಮೂರು ದಿನದ ರಜೆ ಬೇಕು, ರಜೆಗೆ ಸಹಿ ಹಾಕಬೇಕಾದವರು ಢೋಬ್ಳೆ ಸರ್. ಅರ್ಜಿಯಲ್ಲಿ ಮೊದಲು ಅನಾರೋಗ್ಯ ಎಂದು ಬರೆದೆ, ಹರಿದೆ. ಅಕ್ಕನ ಮದುವೆ ಎಂದು ಬರೆದೆ. ನನಗೆ ಅಕ್ಕ ಇಲ್ಲ, ಅದನ್ನೂ ಹರಿದೆ. ಕೊನೆಗೆ ಇದ್ದದ್ದನ್ನು ಇದ್ದಹಾಗೆ ಬರೆದು ಚೀಲದಲ್ಲಿಟ್ಟುಕೊಂಡಿದ್ದೇನೆ. ಕೊಟ್ಟೇ ಕೊಡುತ್ತೇನೆ, ಅದರಲ್ಲಿ ನಿಮಗೆ ಸಂಶಯ ಬೇಡ. ದಿನಾ ಬೆಳಿಗ್ಗೆ ಅವರ ಕೋಣೆಯ ಬಾಗಿಲಿಗೆ ಹೋಗುತ್ತೇನೆ. ಸರ್ ನನ್ನನ್ನು ಕಂಡು ಮುಗುಳ್ನಗುತ್ತಾರೆ, ಎದುರಿಗೆ ಕೂತ ಯಾರದೋ ತಂದೆತಾಯಿಗೆ ಬೆರಳು ಮಾಡಿ ನನ್ನನ್ನು ತೋರಿಸುತ್ತಾರೆ. ನಾನು ನಮಸ್ಕಾರ ಮಾಡಿ ಹಿಂದಿರುಗಿ, ಬೇರೆ ದಾರಿ ಕಾಣದೆ ತರಗತಿಗೆ ಹೋಗಿ ಕೂರುತ್ತೇನೆ. ಹೀಗಾಗಿ ಈ ತಿಂಗಳ ನನ್ನ ಹಾಜರಿ ನೂರಕ್ಕೆ ನೂರು.