ಎದುರು ಮನೆಯಾಕೆಯ ಕೊಡಲಿ

ಹೊಟ್ಟೆಕಿಚ್ಚಿಗೆ ನಿವೃತ್ತಿ ಇಲ್ಲ. ನಾನು ಟೆಲಿಫೋನ್ ಕಚೇರಿ ಬಿಟ್ಟು ಹನ್ನೆರಡು ವರ್ಷವಾಯಿತು. ಅದು ಮಾತ್ರ ಇನ್ನೂ ದಿನಾ ಹಾಜರಿ ಹಾಕುತ್ತದೆ. ಪುತ್ತೂರಿನ ಕಡೆ ಹುಟ್ಟಿ, ಕೆಲಸಕ್ಕೆಂದು ಬೈಲಹೊಂಗಲಕ್ಕೆ ಬಂದು, ಇಲ್ಲಿಯವರನ್ನೇ ಮದುವೆಯಾಗಿ ಇಲ್ಲೇ ಮುದುಕಿಯಾದವಳು ನಾನು. ಇಷ್ಟು ವರ್ಷಗಳಲ್ಲಿ ಎದುರು ಮನೆಯಾಕೆಯನ್ನು ಕಂಡು ಕರುಬಿದ್ದು ಮೂರು ಕಾರಣಕ್ಕೆ. ಮೊದಲು ಅವಳ ಜೋಳದ ರೊಟ್ಟಿ, ನನ್ನದು ಇಂದಿಗೂ ಹರಿಯುತ್ತದೆ. ಆಮೇಲೆ ಅವಳ ಮೊಣಕಾಲು, ನನ್ನದಕ್ಕೆ ಆಪರೇಷನ್ ಆಯಿತು. ಈಗ ಅವಳ ಕೊಡಲಿ.

ಆಪರೇಷನ್ ಆಗಿ ಮಲಗಿದ್ದಾಗ ಬೇಸರ ಕಳೆಯಲು ಮೊಬೈಲಿನಲ್ಲಿ ಒಂದು ಆಟ ಕಲಿತೆ. ಯಾವ್ಯಾವುದೋ ಊರಿನವರು ತಮ್ಮ ತಮ್ಮ ಮನೆಯಲ್ಲೇ ಕೂತು, ಒಂದೇ ಕಾಡಿಗೆ ಇಳಿದು ರಾಕ್ಷಸರನ್ನು ಬಡಿಯುವ ಆಟ. ನನ್ನನ್ನು ನೋಡಲು ಬರುತ್ತಿದ್ದ ಎದುರು ಮನೆಯಾಕೆಗೂ ಮುಂದೆ ಕಲಿಸಿದೆ. ಕಲಿಸಿದ್ದು ನಾನು, ಇದನ್ನು ಓದುವವರು ಮರೆಯಬಾರದು.

ಕುಕ್ಕರ್ ಕೂಗಿದ ಹೊತ್ತು

ಆ ಕಾಡಿನ ಗುಹೆಯಲ್ಲಿ ಒಬ್ಬ ರಾಕ್ಷಸನಿದ್ದಾನೆ. ಅವನನ್ನು ಕೊಂದವರಿಗೆ ಯಾವಾಗಲೋ ಒಮ್ಮೆ ಒಂದು ಎಸೆಯುವ ಕೊಡಲಿ ಸಿಗುತ್ತದೆ. ಬೀಸಿ ಒಗೆದರೆ ವೈರಿಯನ್ನು ಕಡಿದು ತಾನೇ ಕೈಗೆ ಬರುವ ಕೊಡಲಿ. ಅದಕ್ಕಾಗಿ ನಾನು ಎರಡು ತಿಂಗಳು ಆ ಗುಹೆ ತುಳಿದಿದ್ದೆ. ಅಂದು ಅರ್ಧ ಗಂಟೆ ಗದೆಯಿಂದ ಬಡಿದು ರಾಕ್ಷಸನನ್ನು ಹಣ್ಣು ಮಾಡಿದ್ದೆ. ಇನ್ನೊಂದು ಏಟು ಸಾಕಿತ್ತು. ಅಷ್ಟರಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು. ಗ್ಯಾಸ್ ಆರಿಸಿ ಬರುವಷ್ಟರಲ್ಲಿ, ಆಟ ಕಲಿತು ಒಂಬತ್ತೇ ದಿನವಾಗಿದ್ದ ಎದುರು ಮನೆಯಾಕೆ ದಾರಿ ತಪ್ಪಿ ಗುಹೆಗೆ ಬಂದು, ಹೆದರಿ, ಒಂದು ಕಲ್ಲು ಒಗೆದಿದ್ದಳು. ಆಟದ ನಿಯಮದಲ್ಲಿ ಕೊನೆಯ ಏಟು ಯಾರದೋ ಕೊಡಲಿ ಅವರದು.

ನಾನು ಅಡುಗೆಮನೆಯಲ್ಲಿ ನಿಂತು ನಮ್ಮವರ ಮುಂದೆ ಈ ಅನ್ಯಾಯವನ್ನೆಲ್ಲ ಹೇಳಿಕೊಂಡೆ. ಅವರು ಸಮಾಧಾನವಾಗಿ ಕುಕ್ಕರ್ ಮುಚ್ಚಳ ತೆಗೆದು ನೋಡಿ, "ಅನ್ನ ಮಾತ್ರ ಛಲೋ ಆಗೇದ ನೋಡು" ಎಂದರು.

ಸವದತ್ತಿ ಬಸ್ಸು

ಮರುವಾರ ಇಬ್ಬರೂ ಸವದತ್ತಿಗೆ ಹೊರಟೆವು. ಬಸ್ಸು ಊರು ದಾಟುವ ಮೊದಲೇ ಆಕೆ ಪಕ್ಕದ ಸೀಟಿನವರಿಗೆ ಕೊಡಲಿಯ ಕಥೆ ಶುರು ಮಾಡಿದಳು. ಒಗೆದದ್ದು, ಕಡಿದದ್ದು, ತಿರುಗಿ ಕೈಗೆ ಬಂದದ್ದು. ಮೊಬೈಲಿನ ಆಟ ಎನ್ನುವುದನ್ನು ಮಾತ್ರ ಹೇಳಲಿಲ್ಲ, ನೆನಪಾಗಲಿಲ್ಲವಂತೆ. ಅರ್ಧ ಬಸ್ಸು ನಮ್ಮ ಕಡೆ ತಿರುಗಿ ಕೂತಿತು. ನನ್ನ ಬಳಿ ಗದೆ ಇದೆ ಎಂದು ನಾನೂ ಎರಡು ಸಲ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮುಂದಿನ ಸೀಟಿನಲ್ಲಿ ರಾಮದುರ್ಗದ ರೈತರೊಬ್ಬರಿದ್ದರು. ಎಲ್ಲವನ್ನೂ ಕೇಳಿ, ಯಾವ ಊರಿನ ಕಮ್ಮಾರ ಮಾಡಿದ್ದು ಎಂದು ವಿಚಾರಿಸಿದರು. ಆಮೇಲೆ ತಲೆ ಆಡಿಸುತ್ತ ಹೇಳಿದರು: "ನಮ್ಮೂರಾಗ ಮಂದಿ ಕೈಯಾಗ ಕೊಟ್ಟ ಕೊಡ್ಲಿನ ತಿರುಗಿ ಬರೂದಿಲ್ರಿ ಯವ್ವಾ. ಒಗದದ್ದು ಬರತೈತಿ ಅಂತೀರಲ್ಲ."

ಒಳ್ಳೆಯ ದಿನ

ಕೊನೆಗೆ ಮಾನ ಬಿಟ್ಟು ಒಂದು ದಿನದ ಮಟ್ಟಿಗೆ ಕೊಡಲಿ ಕೊಡೆಂದು ಕೇಳಿದೆ. ಆಟದಲ್ಲಿ ಒಬ್ಬರ ಆಯುಧವನ್ನು ಇನ್ನೊಬ್ಬರಿಗೆ ಕೊಡಬಹುದು. ಮುಸ್ಸಂಜೆ ಕೇಳಿದ್ದು ನನ್ನ ತಪ್ಪು. ದೀಪ ಹಚ್ಚಿದ ಮೇಲೆ ತಮ್ಮ ಮನೆಯಿಂದ ಸೂಜಿಯನ್ನೂ ಹೊರಗೆ ಕೊಡುವುದಿಲ್ಲ ಎಂದಳು. ಮರುದಿನ ಬೆಳಿಗ್ಗೆ ಹೋದರೆ ಮಂಗಳವಾರ. ಆಮೇಲೆ ಶುಕ್ರವಾರ. ಸೋಮವಾರ ಎತ್ತಿಗೇ ನೊಗ ಹೂಡುವುದಿಲ್ಲವಂತೆ, ಇನ್ನು ಕೊಡಲಿ ಎಲ್ಲಿಯದು. ನಾನು ಪಂಚಾಂಗ ತೆಗೆದು, ರಾಹುಕಾಲ ಕಳೆದು, ಯಾವ ದೋಷವೂ ಇಲ್ಲದ ಒಂದು ಗುರುವಾರ ಹುಡುಕಿ ಅವರ ಬಾಗಿಲಿಗೆ ಹೋದೆ. ಬೀಗ ಹಾಕಿತ್ತು. ಮಗಳ ಮನೆಗೆ ಕಿತ್ತೂರಿಗೆ ಹೋಗಿದ್ದಳು.

ಮಧ್ಯಾಹ್ನ ಅಲ್ಲಿಂದಲೇ ಫೋನ್ ಬಂತು. "ಅಕ್ಕಾರ, ಇವತ್ತ ಕೆರಿಯಾಗಿನ ಹಾವು ಕಡದ್ನಿರಿ. ಇವತ್ತಿನ ದಿನ ಭಾಳ ಛಲೋ ಐತಿ."

ಖಂಡೆನವಮಿ

ಖಂಡೆನವಮಿಯ ದಿನ ಈ ಕಡೆ ದುಡಿಯುವ ಹತ್ಯಾರಗಳನ್ನೆಲ್ಲ ತೊಳೆದು ಪೂಜೆಗೆ ಇಡುತ್ತಾರೆ; ಮರುದಿನ ಬನ್ನಿ ಹಂಚುವವರೆಗೆ ಮುಟ್ಟುವುದಿಲ್ಲ. ಎದುರು ಮನೆಯಾಕೆ ಹೋಳಿಗೆ ಕೊಡಲು ಬಂದವಳು, ಕುಡುಗೋಲು, ಹೊಲಿಗೆ ಮಷಿನ್ನು, ಕಡೆಗೆ ಮೊಬೈಲಿಗೂ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟೆನೆಂದಳು. ಆಮೇಲೆ ದನಿ ತಗ್ಗಿಸಿ, "ಮೊಬೈಲ್ ಇಡೂಕಿಂತ ಮೊದಲ ಆ ಕೊಡ್ಲಿನೂ ಪೂಜಾಕ್ಕ ಇಟ್ಟೇನ್ರಿ. ಕಾಡಿನಾಗ, ದೊಡ್ಡ ಆಲದ ಗಿಡದ ಬುಡಕ" ಎಂದಳು.

ನಾನು ತಿನ್ನುತ್ತಿದ್ದ ಹೋಳಿಗೆ ಕೆಳಗಿಟ್ಟೆ. ಆ ಆಟದಲ್ಲಿ ನೆಲಕ್ಕೆ ಇಟ್ಟದ್ದನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಇದನ್ನು ನಾನು ಆಕೆಗೆ ಕಲಿಸಿರಲಿಲ್ಲ. ಆಗಲೂ ಹೇಳಲಿಲ್ಲ.

ಆಕೆ ಅತ್ತ ಹೋಗುತ್ತಲೇ ಆಪರೇಷನ್ ಆದ ಕಾಲಿನಲ್ಲೇ ಓಡಿ ಮೊಬೈಲ್ ಹಿಡಿದೆ. ಆಲದ ಬುಡದಲ್ಲಿ ಕೊಡಲಿ ಇತ್ತು, ಸುತ್ತ ಆ ಕಾಡಿನದೇ ಐದು ಹಳದಿ ಹೂ. ಯಾರಾದರೂ ಕದ್ದಾರು, ಕಾಪಾಡೋಣ ಎಂದು ನನಗೆ ನಾನೇ ಹೇಳಿಕೊಂಡು ಎತ್ತಿಕೊಂಡೆ. ಆಮೇಲೆ ಸಂಜೆಯವರೆಗೂ ಕಾಪಾಡಿದೆ. ಗುಹೆಯಲ್ಲಿ ಕಾಪಾಡಿದೆ, ಕೆರೆಯಲ್ಲಿ ಕಾಪಾಡಿದೆ, ಗುಡ್ಡದ ಮೇಲೆ ಹದಿನೇಳು ರಾಕ್ಷಸರ ನಡುವೆ ಕಾಪಾಡಿದೆ. ಒಗೆದಾಗಲೆಲ್ಲ ಅದು ಗಿರ್ರನೆ ತಿರುಗಿ ನನ್ನ ಕೈಗೇ ಬಂತು. ನಮ್ಮವರು ಕನ್ನಡಕದ ಮೇಲಿಂದ ನೋಡಿ, "ಯಾರದು ಅದು?" ಎಂದರು. ನಾನು ಇನ್ನೊಂದು ಸಲ ಒಗೆದೆ.

ಅದನ್ನು ಇಟ್ಟುಕೊಂಡೇ ಬಿಡುವ ಮನಸ್ಸಾಗಿತ್ತು. ಆದರೆ ನಲವತ್ತು ವರ್ಷ ರೊಟ್ಟಿ ಕೊಟ್ಟ ಕೈ ಅದು. ಮರುದಿನ ಸಂಜೆ, ಆಕೆ ಜಗಲಿಯಿಂದ ಮೊಬೈಲ್ ತೆಗೆಯುವ ಮೊದಲೇ ಕೊಡಲಿಯನ್ನು ಅದೇ ಜಾಗದಲ್ಲಿಟ್ಟು, ಎಣಿಸಿ ಐದು ಹೂ ಜೋಡಿಸಿದೆ.

ಸ್ವಲ್ಪ ಹೊತ್ತಿಗೆ ಆಕೆ ಬನ್ನಿ ಎಲೆ ಹಿಡಿದು ಬಂದಳು. ಮುಖ ಅರಳಿತ್ತು. ಆ ಆಟದಲ್ಲಿ ಆಯುಧ ದುಡಿದಷ್ಟೂ ಅದರ ಬಲ ಏರುತ್ತದೆ, ಬಲದ ಅಂಕಿ ಅದರ ಮೇಲೇ ಕಾಣುತ್ತದೆ. ಪೂಜೆಗೆ ಇಡುವಾಗ ಕೊಡಲಿಯ ಬಲ ಇಪ್ಪತ್ತು ಇತ್ತಂತೆ, ಈಗ ಇಪ್ಪತ್ತಾರು. "ದೇವರು ಪೂಜಾ ಒಪ್ಪ್ಯಾನ್ರಿ ಅಕ್ಕಾರ" ಎಂದಳು. ನಾನು ಒಂದು ಹಗಲಿಡೀ ದುಡಿದದ್ದು ಅವಳ ಕೊಡಲಿಯ ಲೆಕ್ಕಕ್ಕೆ, ಹೆಸರು ಮಾತ್ರ ದೇವರದು. ರಾತ್ರಿಯೊಳಗೆ ಓಣಿಗೆಲ್ಲ ಈ ಪವಾಡ ಗೊತ್ತಾಯಿತು.

ನನ್ನ ಮೇಲಿನ ಪ್ರೀತಿಗೆ, ದಸರೆ ಮುಗಿದು ಐದು ದಿನಕ್ಕೆ ಬರುವ ಶೀಗಿ ಹುಣ್ಣಿಮೆಗೆ ನನ್ನ ಗದೆಯನ್ನೂ ಇಡಬೇಕೆಂದು ಆಕೆ ಹಟ ಹಿಡಿದಳು. ಅಲ್ಲಿಟ್ಟರೆ ಯಾರಾದರೂ ಎತ್ತಿಕೊಳ್ಳುತ್ತಾರೆ ಎಂದು ಹೇಳುವುದು ಹೇಗೆ, ಅದು ನಿಮಗೆ ಹೇಗೆ ಗೊತ್ತು ಎಂದು ಆಕೆ ಕೇಳಿದರೆ? ಆಕೆ ಪಕ್ಕದಲ್ಲೇ ಕೂತು ಹೂ ಇಡಿಸಿದಳು. ನನ್ನ ಮೊಬೈಲಿಗೆ ತಾನೇ ವಿಭೂತಿ ಹಚ್ಚಿ ಜಗಲಿಯ ಮೇಲಿಟ್ಟಳು. ಮರುದಿನ ಬೆಳಿಗ್ಗೆ ಇಬ್ಬರೂ ಕೂತು ನೋಡಿದೆವು. ಹೂ ಐದೂ ಇದ್ದವು. ಗದೆ ಇರಲಿಲ್ಲ.

ಆಕೆ ನನ್ನ ಬೆನ್ನು ಸವರಿ, ನೋಯದ ಹಾಗೆ ಹೇಳಿದಳು: "ಭಕ್ತಿ ಒಂಚೂರು ಕಡಿಮಿ ಬಿದ್ದಿರಬೇಕ್ರಿ."