ರಾಡ್ ಹಾಕಿಸಿಕೊಂಡ ಮದುಮಗ

ಮೂಳೆ ಮುರಿದವನ ಮಂಚದ ಸುತ್ತ ಹುಟ್ಟುವಷ್ಟು ನಗು ಮದುವೆ ಮನೆಯಲ್ಲೂ ಹುಟ್ಟುವುದಿಲ್ಲ. ಹೊಸಪೇಟೆಯ ಒಂದು ಮೂಳೆ ಆಸ್ಪತ್ರೆಯ ಥಿಯೇಟರಿನಲ್ಲಿ ಡಾಕ್ಟರ ಕೈಗೆ ಸುತ್ತಿಗೆ, ಸ್ಕ್ರೂ ಕೊಡುತ್ತಾ ನಿಂತವನು ನಾನು, ನನಗೆ ಗೊತ್ತು. ಸಂಡೂರಿನ ಅದಿರಿನ ಗುಡ್ಡ ಲಾರಿ ಹತ್ತಿ ಹೊರಟಿದ್ದ ಕಾಲ ಅದು. ಬರುವ ಪೇಷಂಟುಗಳು ಎಷ್ಟು ಕೆಂಪಗಿರುತ್ತಿದ್ದರೆಂದರೆ ಮೊದಲು ತೊಳೆದು, ಆಮೇಲೆ ರಕ್ತ ಯಾವುದು ಧೂಳು ಯಾವುದು ಅಂತ ನೋಡುತ್ತಿದ್ದೆವು. ಕೆಳಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಅದಕ್ಕಿಂತ ನಿಜ.

ಗಾಡಿ ರಿಪೇರಿ

ಸಂಡೂರಿನ ಹುಡುಗನೊಬ್ಬ ಸ್ವಂತ ಟಿಪ್ಪರ್ ಇಟ್ಟು ತಾನೇ ಓಡಿಸುತ್ತಿದ್ದ. ಆಗ ಸ್ವಂತ ಟಿಪ್ಪರ್ ಅಂದರೆ ಹೆಣ್ಣಿನ ಅಪ್ಪಂದಿರು ಸಾಲುಗಟ್ಟಿ ನಿಲ್ಲುತ್ತಿದ್ದರು. ಕಂಪ್ಲಿಯ ಅಕ್ಕಿ ಮಿಲ್ಲಿನ ಸಾವ್ಕಾರರ ಮಗಳ ಜೊತೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಘಾಟಿಯಲ್ಲಿ ಟಿಪ್ಪರ್ ಮಗುಚಿ ಹುಡುಗನ ತೊಡೆಮೂಳೆ ಎರಡು ತುಂಡಾಯಿತು. ಅವನ ತಾಯಿಗೆ ಕಾಲಿನದು ಒಂದು ಚಿಂತೆಯಾದರೆ, ಕುಂಟ ಅಂತ ಬೀಗರು ಹಿಂದೆ ಸರಿದಾರು ಅನ್ನುವುದು ಹತ್ತು ಚಿಂತೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸೊಂಟದ ಕೆಳಗೆ ಮರಗಟ್ಟುತ್ತದೆ, ಬಾಯಿ ಮಾತ್ರ ಮರಗಟ್ಟುವುದಿಲ್ಲ. ಡಾಕ್ಟರು ಮೂಳೆಯ ಪೊಳ್ಳಿನೊಳಗೆ ಉದ್ದನೆಯ ರಾಡು ಇಳಿಸುತ್ತಾ ಟಕ್ ಟಕ್ ಅಂತ ಬಡಿದರು. ಪರದೆಯ ಆಚೆಯಿಂದ ಹುಡುಗ ಕೇಳಿದ, "ಅಣ್ಣ, ಯಾರ ಗಾಡಿ ರಿಪೇರಿ ನಡದೈತಿ?"

"ನಿಂದೇ," ಅಂದೆ.

"ಹಂಗಾರ ನಿಧಾನ ಬಡೀರಿ. ಚಾಸಿ ಬೆಂಡ್ ಆದೀತು."

ಡಾಕ್ಟರು ರಾಡು ಅಲುಗದ ಹಾಗೆ ಮೇಲೊಂದು ಕೆಳಗೊಂದು ಸ್ಕ್ರೂ ಬಿಗಿದರು. ಹುಡುಗ ಬಿಡಲಿಲ್ಲ. "ಸಾರ್, ನಟ್ ಹಾಕಿದ ಮ್ಯಾಲೆ ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ಟೈಟ್ ಮಾಡಸ್ಬೇಕಲ್ರಿ?"

"ಮೊದಲು ಓಡು," ಅಂದರು ಡಾಕ್ಟರು. "ಟೈಟ್ ಮಾಡೋದು ಆಮೇಲೆ ನೋಡೋಣ."

ನೋಡುವವರ ಕಾಲು

ಮರುದಿನ ತಾಯಿ ಹೊದಿಕೆ ಎತ್ತಿ ನೋಡಿದಳು. ತೊಡೆಯ ಮೇಲೆ ಅಂಗೈಯಗಲದ ಪಟ್ಟಿ, ಅಷ್ಟೆ.

"ಎಲ್ಲೈತ್ರಿ ಸಿಮೆಂಟು? ನಮ್ಮ ಓಣ್ಯಾಗ ಕೈಬೆರಳು ಮುರಿದಾಕಿಗೂ ಮೊಣಕೈ ತನಕ ಕಟ್ಯಾರ. ಇವನದು ತೊಡಿ."

"ಕಟ್ಟು ಒಳಗೈತೆವ್ವ. ರಾಡೇ ಕಟ್ಟು."

"ಒಳಗಿಂದು ನಾ ಮಂದಿಗೆ ಹೆಂಗ ತೋರ್ಸಲಿ?"

ಅವಳ ಮಾತಿನಲ್ಲೂ ನ್ಯಾಯವಿತ್ತು. ಇಪ್ಪತ್ತು ಜನ ಬ್ರೆಡ್ಡು, ಎಳನೀರು ಹಿಡಿದು ಹೊರಗೆ ನಿಂತಿದ್ದರು. ನಾನು ಹತ್ತಿ, ಬ್ಯಾಂಡೇಜು ತಂದು ತೊಡೆಯಿಂದ ಹಿಮ್ಮಡಿಯವರೆಗೆ ಭರ್ಜರಿಯಾಗಿ ಸುತ್ತಿದೆ. ಆದರೆ ಸುತ್ತಿದ್ದು ಒಳ್ಳೆ ಕಾಲಿಗೆ. ಬಂದವರೆಲ್ಲ ಒತ್ತಿ ನೋಡುತ್ತಾರೆ. ಆಪರೇಷನ್ ಆದ ಕಾಲು ಒತ್ತಿಸಿಕೊಳ್ಳುವುದು ಬೇಡ ಅಂತ.

ಹಂಪಿಯಿಂದ ಬಾಳೆಗೊನೆಯೇ ಹೊತ್ತು ತಂದಿದ್ದ ಸೋದರತ್ತೆ ಆ ಕಾಲು ಸವರಿ, "ಎಷ್ಟು ಬಾತೈತಿ ನೋಡ್ರಿ," ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹುಡುಗ ಹಲ್ಲು ಕಚ್ಚಿ ನರಳಿದ. ನಗು ತಡೆಯಲು ಅವನಿಗೆ ಬೇರೆ ದಾರಿ ಇರಲಿಲ್ಲ. ಅಷ್ಟರಲ್ಲಿ ಡಾಕ್ಟರು ರೌಂಡ್ಸಿಗೆ ಬಂದರು, ಎರಡೂ ಕಾಲು ನೋಡಿದರು, ನನ್ನನ್ನು ನೋಡಿದರು.

ತಾಯಿಯೇ ಅಡ್ಡ ಬಂದಳು. "ಬಯ್ಯಬ್ಯಾಡ್ರಿ ಸಾರ್. ಅದು ನಿಮ್ಮ ಕಾಲು, ಇದು ಬಂದೋರ ಕಾಲು."

ಸಾವ್ಕಾರರ ಅಯಸ್ಕಾಂತ

ವಾಕರ್ ಹಿಡಿದು ಹುಡುಗ ವರಾಂಡಾದಲ್ಲಿ ಅಡ್ಡಾಡುತ್ತಿದ್ದಾಗ ಕಂಪ್ಲಿಯಿಂದ ಸಾವ್ಕಾರರು ಬಂದರು. ಯೋಗಕ್ಷೇಮ ಕೇಳಿ, ಜೇಬಿನಿಂದ ಒಂದು ದಪ್ಪ ಅಯಸ್ಕಾಂತ ತೆಗೆದರು. ಮಿಲ್ಲಿನಲ್ಲಿ ಭತ್ತದೊಳಗಿನ ಕಬ್ಬಿಣದ ಚೂರು ಹಿಡಿಯುವಂಥದ್ದು. ಅದನ್ನು ಭಾವೀ ಅಳಿಯನ ತೊಡೆಗೆ ಹಿಡಿದರು. ಮೇಲೆ ಆಡಿಸಿದರು, ಕೆಳಗೆ ಆಡಿಸಿದರು. ಅದು ತಿರುಗಿಯೂ ನೋಡಲಿಲ್ಲ.

"ನಮ್ಮ ಮಿಲ್ಲಿನ್ಯಾಗ ಗುಂಡುಸೂಜಿ ಬಿಡಾದಿಲ್ಲ ಇದು," ಅಂದರು ಮೆಲ್ಲಗೆ. "ರಾಡು ಹಾಕೀರೋ, ಇಲ್ಲೋ?"

ಎಕ್ಸರೇ ತೋರಿಸಿದೆ. ನೆತ್ತಿಯ ಮೇಲಿನ ದೀಪಕ್ಕೆ ಹಿಡಿದು ನೋಡಿದರು. ರಾಡು ಬೆಳ್ಳಗೆ ನಿಂತಿತ್ತು.

"ಮತ್ತ ಹಿಡೀವಲ್ದಲ್ಲ?"

ಮೂಳೆಯೊಳಗೆ ಹಾಕುವ ಸ್ಟೀಲೇ ಬೇರೆ, ಅದು ತುಕ್ಕೂ ಹಿಡಿಯುವುದಿಲ್ಲ, ಅಯಸ್ಕಾಂತಕ್ಕೂ ಅಂಟುವುದಿಲ್ಲ ಅಂತ ಡಾಕ್ಟರು ವಿವರಿಸಿದರು. ಸಾವ್ಕಾರರ ಮುಖ ಬಿಗಿದೇ ಇತ್ತು. ಸಂಬಂಧ ಕೈತಪ್ಪಿ ಹೋಗುವ ಲಕ್ಷಣ. ನಾನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದೆ, "ಸಾವ್ಕಾರ್ರೇ, ಲೋಕಲ್ ಮಾಲಿಗೆ ಅಂಟ್ತದ್ರಿ. ಇದು ಎಕ್ಸ್‌ಪೋರ್ಟ್ ಕ್ವಾಲಿಟಿ."

"ಹಂಗ ಬಿಡಿಸಿ ಹೇಳಬೇಕಪಾ," ಅಂದರು. ಅಯಸ್ಕಾಂತ ಜೇಬಿಗೆ ಹೋಯಿತು. ಆದರೆ ಬಾಗಿಲಲ್ಲಿ ನಿಂತು ಷರತ್ತು ಹಾಕಿದರು: ಕೋಲು ಬಿಟ್ಟ ಮೇಲೆ ಕಂಪ್ಲಿಗೆ ಬಂದು ಹಿರಿಯರ ಮುಂದೆ ನಡೆದು ತೋರಿಸಬೇಕು. ಆಮೇಲೆ ಮದುವೆಯ ಮಾತು.

ಗಂಡು ನೋಡುವ ಶಾಸ್ತ್ರ

ಮೂಳೆ ಕೂಡಿತು, ಕೋಲು ಮೂಲೆ ಸೇರಿತು. ಕಂಪ್ಲಿಗೆ ನನ್ನನ್ನೂ ಕರೆದರು, ರಾಡಿನ ಪರವಾಗಿ ಸಾಕ್ಷಿ ಹೇಳಲು.

ಪಡಸಾಲೆಯ ಜಮಖಾನದ ಮೇಲೆ ಹಿರಿಯರು. ನಡುವೆ ಕುರ್ಚಿಯಲ್ಲಿ ಹುಡುಗಿ, ಕಾಲ ಮೇಲೆ ಕಾಲು ಹಾಕದಿದ್ದದ್ದೊಂದೇ ಕಡಿಮೆ. ಹುಡುಗ ಅಡುಗೆಮನೆಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ತಟ್ಟೆ ಹಿಡಿದು ತಲೆ ತಗ್ಗಿಸಿ ಬಂದ. ತಟ್ಟೆ ಹಿಡಿಸುವ ಉಪಾಯ ಯಾರದು ಅಂತ ಕೇಳಬೇಡಿ. ನಾನು ಅಲ್ಲಿ ಅತಿಥಿ.

"ಆ ಗ್ವಾಡಿ ತನಕ ಹೋಗಿ ಬರ್ರಿ," ಅಂದರು ಒಬ್ಬ ಹಿರಿಯರು. ಹೋಗಿ ಬಂದ.

"ಚಕ್ಕಳಮಕ್ಕಳ ಕುಂದ್ರಿ." ಕೂತ.

"ಕೈ ಊರದೆ ಏಳ್ರಿ." ಎದ್ದ. ಅವನ ತಾಯಿ ಹಿಡಿದಿದ್ದ ಉಸಿರು ಬಿಟ್ಟಳು.

ಅಜ್ಜಿಯೊಬ್ಬಳು, "ಹಾಡು ಬರ್ತೈತೇನು?" ಅಂದಳು. ಅಷ್ಟರಲ್ಲಿ ಸಾವ್ಕಾರರೇ ಕೈಯೆತ್ತಿ, "ಸಾಕು, ನಮಗೆಲ್ಲ ಒಪ್ಪಿಗಿ," ಅಂದು ಮಗಳ ಕಡೆ ತಿರುಗಿದರು. "ನೀ ಏನಂತೀಯವ್ವ?"

ಹುಡುಗಿ ಒಂದು ಮಿರ್ಚಿ ತೆಗೆದುಕೊಂಡಳು. ಭಾವೀ ಅತ್ತೆಯ ಮುಖ ನೋಡಿದಳು.

"ನನ್ನ ನೋಡಾಕ ಬಂದಾಗ ಇವರ ಅವ್ವ ಮೂರು ಸಲ ನಡಸಿದ್ರು. ಇವರದು ಒಂದ ಆತು."

ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹುಡುಗ ತಟ್ಟೆ ಎತ್ತಿಕೊಂಡು, ಹಲ್ಲು ಕಿರಿಯುತ್ತಾ, ಮತ್ತೆ ಗೋಡೆಯ ಕಡೆ ಹೊರಟ. ಮೂರಾದರೂ ನಿಲ್ಲಲಿಲ್ಲ. ಹುಡುಗಿ "ಕುಂದ್ರಿ" ಅನ್ನುವವರೆಗೂ ನಡೆದ.