ನಮ್ಮ ನುಚ್ಚು ಹಡಗು ಹತ್ತಿದ ಬಗ್ಗೆ ಕಂಪ್ಲಿಯ ಸಾರ್ಟರ್ ಮಷೀನಿಗೆ

ಮಾನ್ಯರೇ,

ಸಮುದ್ರ ದಾಟಿ ಬಂದು, ಕಂಪ್ಲಿಯ ಗಾದಿಲಿಂಗಪ್ಪ ಸಾಹುಕಾರರ ರೈಸ್ ಮಿಲ್ಲಿನ ಒಳಕೋಣೆಯಲ್ಲಿ ಏಸಿಯ ತಂಪಿನಲ್ಲಿ ವಿರಾಜಮಾನರಾಗಿರುವ, ಒಂದೊಂದು ಅಕ್ಕಿಕಾಳಿನ ಮುಖ ನೋಡಿ ಇದು ಒಳಗೆ, ಇದು ಹೊರಗೆ ಎಂದು ನ್ಯಾಯ ಹೇಳುವ ಶ್ರೀಮಾನ್ ಸಾರ್ಟರ್ ಮಷೀನ್ ಅವರ ಸನ್ನಿಧಾನಕ್ಕೆ, ಅದೇ ಮಿಲ್ಲಿನ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಲೇ ಮುದುಕಿಯಾದ ಸುಂಕಲಮ್ಮ ಮಾಡುವ ಶರಣಾರ್ಥಿಗಳು. ಇಲ್ಲಿ ನಾನು, ಎರಡು ಮಂಡಿಗಳನ್ನು ಬಿಟ್ಟರೆ, ಕ್ಷೇಮ. ತಮ್ಮ ಬಲ್ಬು, ಬ್ರಷ್ಷು, ಕಂಪ್ರೆಸರ್ ಮುಂತಾದ ಕುಟುಂಬವರ್ಗದವರೆಲ್ಲ ಕ್ಷೇಮವೆಂದು ನಂಬಿದ್ದೇನೆ.

ಪತ್ರವನ್ನು ಮಿಲ್ಲಿನ ಗೇಟಿಗೆ ಅಂಟಿಸಿದ್ದಕ್ಕೆ ತಪ್ಪು ತಿಳಿಯಬಾರದು. ತಮ್ಮ ಕೋಣೆಗೆ ಚಪ್ಪಲಿ ಬಿಟ್ಟು, ತಲೆಗೆ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿಕೊಂಡವರಿಗೆ ಮಾತ್ರ ಪ್ರವೇಶವೆಂದು ಬೋರ್ಡು ಹಾಕಿದ್ದಾರೆ, ನನ್ನ ತುರುಬು ಆ ಟೊಪ್ಪಿಗೆಯಲ್ಲಿ ಹಿಡಿಸುವುದಿಲ್ಲ. ತಮ್ಮನ್ನು ನಡೆಸುವ ಲಿಂಗರಾಜ್ ನಮ್ಮ ಓಣಿಯ ಅಳಿಯ, ದಿನವೂ ಈ ಗೇಟು ದಾಟಿಯೇ ಡ್ಯೂಟಿಗೆ ಬರುವವನು, ಅವನೇ ಓದಿ ತಮಗೆ ಹೇಳುತ್ತಾನೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಈಯತ್ತೆ, ಅದೂ ನಾಟಿಯ ಕೆಲಸ ಇಲ್ಲದ ದಿನಗಳಲ್ಲಿ. ಎಲ್ಲಾದರೂ ತಪ್ಪು ಅಕ್ಷರ ಕಂಡರೆ, ಕಪ್ಪು ಕಾಳಿಗೆ ಮಾಡುವ ಹಾಗೆ, ತಾವು ಗಾಳಿ ಊದಿ ಪಕ್ಕಕ್ಕೆ ಹಾರಿಸಿಬಿಡಬಹುದು.

ಮೊದಲಿಗೆ ತಮ್ಮ ಗುಣಗಾನ ಮಾಡುತ್ತೇನೆ, ಏಕೆಂದರೆ ಗುಣ ಇದೆ. ನಾವು ಹನ್ನೆರಡು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕೂತು ಆರಿಸುತ್ತಿದ್ದ ಅಕ್ಕಿಯನ್ನು ತಾವು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಆರಿಸುತ್ತೀರಿ, ಮತ್ತು ಎಲೆ ಅಡಿಕೆಯನ್ನೂ ಹಾಕಿಕೊಳ್ಳುವುದಿಲ್ಲ. ತಮ್ಮ ಕಣ್ಣಿಗೆ ಪೊರೆ ಬರುವುದಿಲ್ಲ. ತಾವು ಅತ್ತೆಯ ಮೇಲಿನ ಸಿಟ್ಟನ್ನು ಕಲ್ಲಿನ ಮೇಲೆ ತೀರಿಸುವುದಿಲ್ಲ. ತಮಗೆ ಸೆಕೆಯಾಗಬಾರದೆಂದು ಏಸಿ ಹಾಕಿಸಿದ ಸಾಹುಕಾರರು ನಮ್ಮ ಕಾಲದಲ್ಲಿ ಒಂದು ಫ್ಯಾನಿಗೂ ಮೊಳೆ ಹೊಡೆಸಿರಲಿಲ್ಲ ಎಂಬುದು ತಮ್ಮ ತಪ್ಪಲ್ಲ, ತಮ್ಮ ಜಾತಕ ಚೆನ್ನಾಗಿದೆ ಅಷ್ಟೇ. ತಾವು ಬರುವ ಮೊದಲು ವರ್ಷದಲ್ಲಿ ಅರ್ಧ ಕಾಲ ಮಿಲ್ಲಿಗೆ ಬೀಗ ಬಿದ್ದು, ನಮ್ಮ ಹಮಾಲರು ಸಂಡೂರಿನ ಗಣಿಗೋ ತೋರಣಗಲ್ಲಿನ ಫ್ಯಾಕ್ಟರಿಗೋ ಗುತ್ತಿಗೆ ಕೆಲಸಕ್ಕೆ ಬಸ್ಸು ಹತ್ತುತ್ತಿದ್ದರು, ಈಗ ಅಕ್ಕಿ ಕೊಳ್ಳುವ ಹೊರದೇಶದ ಪಾರ್ಟಿಯ ಆರ್ಡರ್ ಇರುವುದರಿಂದ ಊರಲ್ಲೇ ದುಡಿದು ಊರಲ್ಲೇ ಉಣ್ಣುತ್ತಾರೆ. ಕಾಣದ ದೇಶದವರು ನಮ್ಮ ತುಂಗಭದ್ರೆಯ ನೀರಿನ ಅಕ್ಕಿ ಉಂಡು ತಣ್ಣಗಿರಲಿ. ಅದಕ್ಕೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣ ಹೆಂಗಸಲ್ಲ ನಾನು. ನನ್ನ ಹೊಟ್ಟೆಕಿಚ್ಚು ಬೇರೆ ಕಡೆ ಇದೆ.

ತಮಗೆ ಗೊತ್ತಿರಲಾರದು, ಮಿಲ್ಲಿನ ಹಿಂಭಾಗದಲ್ಲಿ, ಬೇವಿನ ಮರದ ಪಕ್ಕ, ಒಂದು ತಗಡಿನ ಶೆಡ್ಡಿದೆ. ಅದರಲ್ಲಿ ನೆಲ್ಲಿನ ಹೊಟ್ಟು ಬಿಡಿಸುವ ಹಳೆಯ ಹಲ್ಲರ್ ಇದೆ, ಸಂಬಂಧದಲ್ಲಿ ತಮಗೆ ದೊಡ್ಡಪ್ಪನಾಗಬೇಕು. ಪ್ರತಿ ಅಮಾವಾಸ್ಯೆಗೆ ಮುಂಚಿನ ಎರಡು ದಿನ ಅದು ಊರಿನವರಿಗಾಗಿ ಓಡುತ್ತಿತ್ತು. ಸುತ್ತಲಿನವರು ಮನೆಯೂಟದ ನೆಲ್ಲನ್ನು ಒಂದು ಚೀಲ, ಅರ್ಧ ಚೀಲ, ಸೀರೆಯ ಗಂಟಿನಲ್ಲಿ ನಾಲ್ಕು ಸೇರು, ಹೀಗೆ ತಂದು ಅಕ್ಕಿ ಮಾಡಿಸಿಕೊಂಡು ಹೋಗುತ್ತಿದ್ದರು. ನಾವು ಹೆಂಗಸರು ಅಲ್ಲೇ ಕೂತು ಹಸನು ಮಾಡಿಕೊಡುತ್ತಿದ್ದೆವು, ಉದುರಿದ ನುಚ್ಚು ನಮ್ಮದು. ಆ ನುಚ್ಚಿನಲ್ಲಿ ಮೊದಲ ಮೊರ ಮಾತ್ರ ನಮ್ಮದಲ್ಲ. ಊರಿನಲ್ಲಿ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೋ ಆ ಮನೆಗೆ ಅದು ಕೇಳದೆಯೇ ಹೋಗಬೇಕು, ಜಾತಿ ಕೇಳಬಾರದು, ಹೆಣ್ಣೋ ಗಂಡೋ ಕೇಳಬಾರದು, ಕೊಟ್ಟವರ ಹೆಸರು ಹೇಳಬಾರದು. ಬಾಗಿಲಲ್ಲಿ ಸುರಿದು, ಮೊರ ಕೊಡವಿ ಬರುವುದು. ಕಂಪ್ಲಿಯ ಅರ್ಧ ಊರು ಹುಟ್ಟಿದ ತಿಂಗಳಲ್ಲಿ ಆ ಗಂಜಿ ಉಂಡ ತಾಯಿಯ ಹಾಲು ಕುಡಿದು ಬೆಳೆದಿದೆ. ಗಾದಿಲಿಂಗಪ್ಪ ಸಾಹುಕಾರರೂ ಅದರಲ್ಲಿ ಸೇರಿದ್ದಾರೆ, ಅವರ ಮನೆಗೆ ಮೊರ ಹೊತ್ತುಕೊಂಡು ಹೋದವಳು ನಮ್ಮವ್ವ.

ಹೋದ ಯುಗಾದಿಯಿಂದ ಆ ಶೆಡ್ಡಿನಲ್ಲಿ ತಮ್ಮ ವಿದೇಶದ ಖಾಲಿ ಚೀಲಗಳು ವಾಸವಾಗಿವೆ. ಒಂದೊಂದು ಚೀಲದೊಳಗೆ ಒಂದು ಎಮ್ಮೆ ಕರು ಸಮೇತ ಮಲಗಬಹುದು. ಹಲ್ಲರಿನ ಬೆಲ್ಟು ಬಿಚ್ಚಿ ಗೂಟಕ್ಕೆ ನೇತುಹಾಕಿದ್ದಾರೆ. ಮಿಲ್ಲಿನ ನುಚ್ಚನ್ನೆಲ್ಲ ತೂಕ ಮಾಡಿ, ಹೊಲಿದು, ಅದನ್ನೂ ಬಂದರಿಗೆ ಕಳಿಸುತ್ತಾರೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಲಿಂಗರಾಜನನ್ನು ಕೇಳಿದರೆ, ಯಾವುದೋ ದೇಶದಲ್ಲಿ ಸಾಕುನಾಯಿಗಳ ಬಿಸ್ಕತ್ತಿಗಂತೆ. ಆ ನಾಯಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವು ಬಾಣಂತಿಯರೇ ಎಂಬುದನ್ನು ತಾವು ವಿಚಾರಿಸಿ ತಿಳಿಸಿದರೆ ನನ್ನ ಮನಸ್ಸಿಗೆ ಸಮಾಧಾನವಾಗುತ್ತದೆ.

ಇಷ್ಟು ವಿಚಾರಣೆ ಯಾಕೆಂದರೆ, ನನ್ನ ಮೊಮ್ಮಗಳು ಗಂಗೋತ್ರಿ ಹೆರಿಗೆಗೆ ಬಂದು ನಮ್ಮ ಮನೆಯಲ್ಲಿದ್ದಾಳೆ, ಕೂಸಿಗೆ ಇವತ್ತಿಗೆ ಮೂವತ್ತೆಂಟು ದಿನ. ಅಂಗಡಿಯ ಪ್ಯಾಕೆಟ್ಟಿನ ನುಚ್ಚು ತಂದು ಗಂಜಿ ಕಾಸಿದರೆ ಅವಳು ಒಂದು ಗುಟುಕು ಕುಡಿದು, "ಅಜ್ಜಿ, ಇದು ಗಂಜಿ ಅಲ್ಲ, ಬಿಸಿನೀರಾಗ ಉಸುಕು" ಎಂದು ತಟ್ಟೆ ದೂಡಿದಳು. ಅವಳ ಮಾತು ಖಾರ, ಆದರೆ ಸುಳ್ಳಲ್ಲ. ಪಾಲಿಶ್ ಮಾಡಿದ ನುಚ್ಚು ಎಷ್ಟು ಕುದಿಸಿದರೂ ಹಾಲು ಬಿಡುವುದಿಲ್ಲ. ಹಾಗಾಗಿ ನಾನೂ, ನನ್ನ ಜೊತೆ ಮೊರ ಹಿಡಿದ ಎರ್ರಮ್ಮನೂ, ಅರ್ಧ ಚೀಲ ನೆಲ್ಲು ಹೊತ್ತು ಹೊಳೆಯಾಚೆ ಗಂಗಾವತಿಗೆ ಬಸ್ಸಿನಲ್ಲಿ ಹೋದೆವು. ಕಂಡಕ್ಟರ್ ನೆಲ್ಲಿಗೂ ಟಿಕೆಟು ಹರಿದ. ಮೂರು ಮಿಲ್ಲಿನವರು "ಇಷ್ಟು ಸಣ್ಣ ಲಾಟ್ ಹಾಕಂಗಿಲ್ರಿ ಅಮ್ಮ" ಎಂದು ಕೈಮುಗಿದರು, ನಾಲ್ಕನೆಯವನು ನಮ್ಮ ವಯಸ್ಸು ನೋಡಿ ಹಾಕಿಕೊಟ್ಟ. ತಿರುಗಿ ಬರುವಷ್ಟರಲ್ಲಿ ಡ್ಯಾಮಿನಿಂದ ನೀರು ಬಿಟ್ಟು ನಮ್ಮ ಸೇತುವೆ ಮುಳುಗಿತ್ತು. ಬುಕ್ಕಸಾಗರದ ಕಡೆಯಿಂದ ಸುತ್ತು ಹಾಕಿ ಮನೆ ಮುಟ್ಟಿದಾಗ ಎರ್ರಮ್ಮ ಚೀಲ ಇಳಿಸಿ, "ಅಕ್ಕ, ನಮಗಿಂತ ಆ ಫಾರಿನ್ ನಾಯಿಗೇ ನುಚ್ಚು ಜಲ್ದಿ ಮುಟ್ಟೈತಿ ನೋಡು" ಎಂದಳು. ನಕ್ಕೆವು. ಆದರೆ ಮೂರು ದಿನ ನಾನು ಮೇಲೇಳಲಿಲ್ಲ.

ಇನ್ನು ಆಯುಧಪೂಜೆಯ ದಿನ ನಡೆದದ್ದರ ಬಗ್ಗೆ. ಆ ದಿನ ಹಳೇ ಕೈಯೆಂದು ನನ್ನನ್ನು ಕರೆದು ಮಿಲ್ಲಿನ ಸಾಮಾನುಗಳಿಗೆಲ್ಲ ವಿಭೂತಿ ಹಚ್ಚಿಸುವುದು ಇಲ್ಲಿಯ ವಾಡಿಕೆ. ಬೋರ್ಡಿನ ಮೇಲೆ ಚೆಂಡುಹೂವಿನ ಮಾಲೆ ಬಿದ್ದಿದ್ದರಿಂದ ಟೊಪ್ಪಿಗೆಯ ವಿಷಯ ಯಾರೂ ಎತ್ತಲಿಲ್ಲ. ತಕ್ಕಡಿಗೆ, ಲಾರಿಗೆ, ಚೀಲ ಹೊಲಿಯುವ ಮಷೀನಿಗೆ ಎಲ್ಲಕ್ಕೂ ಹಣೆ ಯಾವುದೆಂದು ನನಗೆ ಗೊತ್ತು. ತಮ್ಮದು ಮಾತ್ರ ತಿಳಿಯಲಿಲ್ಲ. ಲಿಂಗರಾಜ್ ಒರೆಸಲೆಂದು ತಮ್ಮ ಮುಂಬಾಗಿಲು ತೆರೆದಿಟ್ಟಿದ್ದ, ಒಳಗೆ ಉದ್ದಕ್ಕೆ ಥಳಥಳ ಹೊಳೆಯುವ ಗಾಜು ಕಂಡಿತು, ಮುಖ ಇದೇ ಇರಬೇಕೆಂದು ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟೆ. ಜಲ್ದಿ ಉದುರಬಾರದೆಂದು ಒಂದಿಷ್ಟು ಕೊಬ್ಬರಿ ಎಣ್ಣೆಯನ್ನೂ ಸೇರಿಸಿದ್ದೆ. ಭಕ್ತಿಯಲ್ಲಿ ನಾನು ಕಡಿಮೆ ಮಾಡಿದವಳಲ್ಲ.

ಮಾರನೆಯ ದಿನ ತಾವು ಎದ್ದು, ಗಾಜು ಒರೆಸುವ ತಮ್ಮ ಬ್ರಷ್ಷಿನಿಂದಲೇ ಆ ಕುಂಕುಮವನ್ನು ಕಣ್ಣಿನ ತುಂಬ ಬಳಿದುಕೊಂಡು, ಕಂಡ ಅಕ್ಕಿಯನ್ನೆಲ್ಲ ಕೆಟ್ಟದ್ದೆಂದು ಊದಿ ಊದಿ ಹೊರಗೆ ಹಾಕಿದಿರಂತೆ. ಲಿಂಗರಾಜ್ ಓಡಿಬಂದು, "ಸಾವ್ಕಾರ್ರ, ಒಂದ ಕಾಳೂ ಪಾಸಾಗವಲ್ದು, ಎಲ್ಲಾ ಫೇಲ್ ಮಾಡಾಕತ್ತೈತಿ" ಎಂದನಂತೆ. ಒಂದು ಒದ್ದೆ ಬಟ್ಟೆಯಿಂದ ಒರೆಸಿದ್ದರೆ ಮುಗಿಯುತ್ತಿತ್ತು. ಆದರೆ ಊರಿನವರ ಕೈ ಆ ಗಾಜಿಗೆ ತಾಗಿದರೆ ಗ್ಯಾರಂಟಿ ಹೋಗುತ್ತದೆಂದು ಕಾಗದದಲ್ಲಿದೆಯಂತೆ, ಹಾಗಾಗಿ ಇಂಜಿನಿಯರು ಹೈದರಾಬಾದಿನಿಂದ ಮೂರನೆಯ ದಿನ ಬಂದು ಒದ್ದೆ ಬಟ್ಟೆಯಿಂದ ಒರೆಸಿದರು.

ಆ ಮಧ್ಯೆ ಸಾಹುಕಾರರು ನಡುಮಧ್ಯಾಹ್ನ ನಮ್ಮ ಕಟ್ಟೆಯ ಮುಂದೆ ಬೆವರು ಒರೆಸುತ್ತ ನಿಂತು, "ಸುಂಕಲಮ್ಮ, ನಿನ್ನ ಭಕ್ತಿ ನನ್ನ ಮನಿ ತೆಗಿತೈತಿ. ಇನ್ನ ನಲವತ್ತು ಸಣ್ಣ ಚೀಲ ಬಾಕಿ ಐತಿ, ಹಡಗು ನನ್ನ ಸಲುವಾಗಿ ನಿಂದ್ರಂಗಿಲ್ಲ. ನಿಮ್ಮ ಮಂದಿ ಕರಕೊಂಡು ಬಾರವ್ವ" ಎಂದರು. "ಬರ್ತೀವ್ರಿ. ಟೊಪ್ಪಿಗಿ ಮಾತ್ರ ಹಾಕ್ಕಳಂಗಿಲ್ಲ" ಎಂದೆ. ಹನ್ನೆರಡು ಮೊರ ಅಟ್ಟದಿಂದ ಇಳಿದವು. ಎರಡು ಹಗಲು ಕೂತು, ತಮ್ಮ ಪಾರ್ಟಿಯವರು ಬೇಕೆನ್ನುವ ಹಾಗೆ, ಒಂದೇ ತಾಯಿ ಹೆತ್ತಂಥ ಬಿಳಿ ಕಾಳು ಆರಿಸಿ ನಲವತ್ತು ಚೀಲ ತುಂಬಿಸಿದೆವು. ಪರೀಕ್ಷೆಗೆ ಬಂದವರು ಅದನ್ನು ಮಷೀನಿನ, ಅಂದರೆ ತಮ್ಮ, ಕೆಲಸವೆಂದು ತಿಳಿದು ಪಾಸು ಮಾಡಿದರು. ಅಭಿನಂದನೆಗಳು.

ಏನು ಬೇಕು ಕೇಳು ಎಂದರು ಸಾಹುಕಾರರು. ಹಲ್ಲರಿಗೆ ಬೆಲ್ಟು ಹಾಕಿಸಿ, ಮೊದಲಿನ ಹಾಗೆ ಅಮಾವಾಸ್ಯೆಗೆ ಮುಂಚಿನ ಎರಡು ದಿನ ಊರಿಗೆ ಓಡಿಸಿ, ಮತ್ತೇನೂ ಬೇಡ ಎಂದೆ. "ಆಗಲಿ" ಎಂದು ಎದೆ ಮುಟ್ಟಿಕೊಂಡರು. ಹಡಗು ಹೋಯಿತು, ಆ ಮಾತೂ ಅದರಲ್ಲೇ ಹೋಯಿತು. ವಾರ ಬಿಟ್ಟು ಆಫೀಸಿಗೆ ಹೋದರೆ, "ಪಾರ್ಟಿ ಒಪ್ಪಂಗಿಲ್ಲವ್ವ. ಲೋಕಲ್ ನೆಲ್ಲಿನ ಧೂಳು ಕಾಂಪೌಂಡಿನಾಗ ಇರಬಾರದಂತ ಅವರ ಕಂಡೀಷನ್" ಎಂದರು.

"ನಿಮ್ಮ ಮಿಲ್ಲಿಗೆ ಬರೋ ನೆಲ್ಲು ಯಾವ ಊರದ್ರಿ ಸಾವ್ಕಾರ್ರ?" ಎಂದೆ.

"ಕಂಪ್ಲಿ ಸುತ್ತಮುತ್ತಿಂದ."

"ಹಂಗಂದ್ರ ಚೀಲ ಹೊಲಿಯೋತನಕ ಲೋಕಲ್, ಹೊಲಿದ ಮ್ಯಾಲ ಫಾರಿನ್ ಏನ್ರಿ?"

ಫೋನು ಬಂತೆಂದು ಅವರು ಎದ್ದು ಹೊರಗೆ ಹೋದರು. ಫೋನು ಮೇಜಿನ ಮೇಲೇ ಇತ್ತು.

ಹೀಗಾಗಿ, ಆಳುವವರು ಯಾರೋ ಅವರನ್ನೇ ಕೇಳಬೇಕೆಂದು ತಮ್ಮಲ್ಲಿಗೆ ಬಂದಿದ್ದೇನೆ. ತಾವು ದೊಡ್ಡ ಮನಸ್ಸು ಮಾಡಿ, ಮುಂದೆ ಬರುವ ದೀಪಾವಳಿ ಅಮಾವಾಸ್ಯೆಯಿಂದಲೇ ತಮ್ಮ ಖಾಲಿ ಚೀಲಗಳಿಗೆ ಬೇರೆ ಬಿಡಾರ ನೋಡಿಕೊಂಡು, ಆ ಎರಡು ದಿನದ ಮಟ್ಟಿಗೆ ಶೆಡ್ಡನ್ನು ತಮ್ಮ ದೊಡ್ಡಪ್ಪನಾದ ಹಲ್ಲರಿಗೆ ಬಿಟ್ಟುಕೊಡಬೇಕು. ತಿಂಗಳಲ್ಲಿ ಉಳಿದ ಇಪ್ಪತ್ತೆಂಟು ದಿನ ಇಡೀ ಲೋಕ ತಮ್ಮದೇ ಇರಲಿ. ಇದು ಕಷ್ಟವೆನಿಸಿದರೆ ತಾವೇ ಒಮ್ಮೆ ಅರ್ಧ ಚೀಲ ನೆಲ್ಲು ತಲೆಯ ಮೇಲಿಟ್ಟುಕೊಂಡು ಗಂಗಾವತಿ ಬಸ್ಸಿನಲ್ಲಿ ಹೋಗಿ ಬರಬೇಕು, ಸೀಟು ಸಿಗದಿದ್ದರೆ ಎರ್ರಮ್ಮನ ಹೆಸರು ಹೇಳಿ. ಅದೂ ಆಗದಿದ್ದರೆ ಒಂದೇ ಒಂದು ಸಲ ಬಾಣಂತಿಯಾಗಿ ನೋಡಬೇಕು. ತಮ್ಮ ಬಾಣಂತನ ನಾನೇ ಮಾಡುತ್ತೇನೆ, ಕರೆಂಟು ಹೊಡೆದರೂ ಚಿಂತೆಯಿಲ್ಲ, ನೆತ್ತಿಗೆ ಎಣ್ಣೆಯೊತ್ತಿ ಬಿಸಿನೀರು ಎರೆದು ಕೆಂಡದ ಹೊಗೆ ಹಾಕುತ್ತೇನೆ. ಆಮೇಲೆ ಹಸಿವಾಗಿ ತಾವು ಗಂಜಿ ಕೇಳಿದಾಗ, ಹಡಗು ಹೋಗಿದೆ, ನಾಯಿಗಳು ಉಂಡು ಮಿಕ್ಕರೆ ನೋಡೋಣ ಎಂದು ಹೇಳುತ್ತೇನೆ.

ಮತ್ತೊಂದು ಸಣ್ಣ ಉಪಕಾರ. ಕಾಳಿನಲ್ಲಿ ಕಲ್ಲು ಹಿಡಿಯುವ ತಮ್ಮ ಕಣ್ಣಿನ ಮುಂದೆ ಒಂದು ದಿನ ಪಾರ್ಟಿಯವರ ಕಂಡೀಷನ್ ಕಾಗದವನ್ನೂ ಸುರಿದು ನೋಡಬೇಕು. ಅದರಲ್ಲಿ ಎಷ್ಟು ಪಾರ್ಟಿಯವರದು, ಎಷ್ಟು ನಮ್ಮ ಸಾಹುಕಾರರು ಸ್ವಂತವಾಗಿ ಬೆರೆಸಿದ್ದು ಎಂದು ತಿಳಿದರೆ, ಎಷ್ಟೋ ಹೊರದೇಶಗಳ ಮೇಲೆ ನಾನು ಸುಮ್ಮನೆ ಸಿಟ್ಟಾಗುವುದು ತಪ್ಪುತ್ತದೆ. ಅಷ್ಟು ದೂರ ಕೂತವರಿಗೆ ನಮ್ಮ ಬೇವಿನ ಮರದ ಕೆಳಗಿನ ಶೆಡ್ಡು ಕಾಣುತ್ತದೆಂದು ನನಗೇಕೋ ನಂಬಿಕೆ ಬರುವುದಿಲ್ಲ.

ಬರೆದದ್ದರಲ್ಲಿ ಹೆಚ್ಚಿದ್ದರೆ ಆರಿಸಿಕೊಳ್ಳಿ, ಕಡಿಮೆಯಿದ್ದರೆ ಹೇಳಿ ಕಳಿಸಿ, ಇನ್ನೂ ಇದೆ.

ವಯಸ್ಸಿನಲ್ಲಿ ತಮಗೆ ಅಜ್ಜಿ, ಕೆಲಸದಲ್ಲಿ ತಮಗಿಂತ ಹಿರಿಯ ನೌಕರಳು,
ತಮ್ಮ ವಿಶ್ವಾಸಿ,
ಸುಂಕಲಮ್ಮ
ಕಂಪ್ಲಿ

ತಾ. ಕ. (ಇದನ್ನು ಗೇಟಿಗೆ ಅಂಟಿಸಿಲ್ಲ, ಬೇರೆ ಚೀಟಿಯಲ್ಲಿ ಬರೆದು ಲಿಂಗರಾಜನ ಕೈಗೆ ಕೊಟ್ಟಿದ್ದೇನೆ): ಒಂದು ಮನೆಯ ಗುಟ್ಟು. ಗಾದಿಲಿಂಗಪ್ಪ ಸಾಹುಕಾರರ ಮನೆಯವರು ಉಣ್ಣುವ ಅಕ್ಕಿ ಇದುವರೆಗೆ ತಮ್ಮ ಕಣ್ಣಿಗೆ ಬಿದ್ದಿಲ್ಲ. ಪಾಲಿಶ್ ಆಗುವ ಮೊದಲೇ ಒಂದು ಚೀಲ ಪಕ್ಕಕ್ಕೆ ಸರಿದು ತಿಂಗಳಿಗೊಮ್ಮೆ ನಮ್ಮ ಹಿತ್ತಿಲಿಗೆ ಬರುತ್ತದೆ, ಅದನ್ನು ಹಸನು ಮಾಡಿ ನುಚ್ಚು ಸಮೇತ ತೂಗಿ ವಾಪಸು ಕೊಡುವವಳು ನಾನು. ಈ ಸಲ ಹೊಲಿಗೆ ಬಿಚ್ಚದೆ ವಾಪಸು ಕಳಿಸಿದೆ. ಸಾಹುಕಾರರ ಹೆಂಡತಿ ಕೊಟ್ರಮ್ಮನವರು ಖುದ್ದಾಗಿ ಬಂದು, "ಹಬ್ಬಕ್ಕ ಅಳಿಯ ಬರಾಂವ ಅದಾನ ಸುಂಕಲಮ್ಮ, ಊಟದಾಗ ಕಲ್ಲು ಸಿಕ್ರ ನನ್ನ ಮಾನ ಹೋಗ್ತೈತಿ" ಎಂದರು. ಅಷ್ಟು ದೊಡ್ಡ ಮಷೀನು ಇದೆಯಲ್ಲ, ಅದಕ್ಕೆ ಹಾಕಿಸಿ ಎಂದೆ. "ಅದು ಒಂದು ಚೀಲಕ್ಕ ಶುರು ಆಗಂಗಿಲ್ಲಂತ" ಎಂದರು. ಊರಿನ ಕಷ್ಟವೂ ಅದೇ ಅವ್ವ ಎಂದೆ. ಅವರು ಒಳಗೆ ಹೋಗಿ ಗಂಗೋತ್ರಿಯ ಕೂಸನ್ನು ಎತ್ತಿಕೊಂಡರು, ಆಮೇಲೆ ಅವಳ ಕೈಗೆ ಕೊಟ್ಟು ಮನೆಗೆ ಹೋದರು. ಇವತ್ತು ಬೆಳಿಗ್ಗೆ ಸಾಹುಕಾರರು ಹೊಸಪೇಟೆಗೆ ಹೋದ ಮೇಲೆ ಕೊಟ್ರಮ್ಮನವರೇ ಶೆಡ್ಡಿನ ಬಾಗಿಲಲ್ಲಿ ನಿಂತು ತಮ್ಮ ಆ ಖಾಲಿ ಚೀಲಗಳನ್ನು ಹೊರಗೆ ಹಾಕಿಸುತ್ತಿದ್ದಾರೆಂದು ಎರ್ರಮ್ಮ ನೋಡಿ ಬಂದು ಹೇಳಿದಳು. ಆದ್ದರಿಂದ ಮೇಲಿನ ಮನವಿಗೆ ತಾವು ಉತ್ತರ ಬರೆಯುವ ಶ್ರಮ ತೆಗೆದುಕೊಳ್ಳುವುದು ಬೇಡ. ಸಾಹುಕಾರರಿಗೆ ಇನ್ನೂ ಗೊತ್ತಿಲ್ಲ. ಹಲ್ಲರಿಗೆ ಬೆಲ್ಟು ಬೀಳುವ ತನಕ ತಾವೂ ಹೇಳಬಾರದು.